ಸಮುದ್ರದ ಬಿಸಿ ಬುಗ್ಗಿ ನಮ್ಮೂರಾಗ ಇಲ್ಲ, ಸವಳು ಮಣ್ಣು ಐತಿ: ಬ್ಯಾಕ್ಟೀರಿಯಾದ ಲೋಳಿ ತೆಗಿಯೋ ಪ್ರಾಜೆಕ್ಟ್ ಹಿಂಗ ಮಾಡ್ರಿ

ಹೋದ ವರ್ಷ ಕಾರಟಗಿ ಕಡಿ ಹುಡುಗಿ ಒಬ್ಬಾಕಿ ಮೊಬೈಲ್ ಹಿಡ್ಕೊಂಡು ಲ್ಯಾಬಿಗೆ ಬಂದ್ಲು. ಯಾವ್ದೋ ಕ್ರೀಮಿನ ಡಬ್ಬಿ ಫೋಟೋ, ಅದರ ಮ್ಯಾಲ ಸಮುದ್ರದ ತಳದ ಬಿಸಿ ಬುಗ್ಗಿ ಬ್ಯಾಕ್ಟೀರಿಯಾದಿಂದ ತೆಗೆದ ಅಂಟು ಐತಿ ಅಂತ ಬರ್ದಿತ್ತು. "ಮೇಡಂ, ನಾನು ಇದ್ನ ಪ್ರಾಜೆಕ್ಟ್ ಮಾಡ್ತೀನ್ರಿ" ಅಂದ್ಲು. ಗಂಗಾವತ್ಯಾಗ ಕುಂತು ಸಮುದ್ರದ ತಳ ಎಲ್ಲಿಂದ ತರೂದವ್ವ ಅಂತ ನಕ್ಕೆ, ಆದ್ರ ರಾತ್ರಿ ಮನಿಗೆ ಹೋಗಿ ಕುಂತು ಓದಿದ ಮ್ಯಾಲ ಅನಿಸ್ತು ಇದು ಆಗೋ ಕೆಲಸಾನ ಐತಿ, ಬ್ಯಾಕ್ಟೀರಿಯಾ ಬ್ಯಾರೆ ಅಷ್ಟ, ಲೋಳಿ ತೆಗಿಯೋ ದಾರಿ ಅದ. ಬಿಎಸ್ಸಿ, ಎಂಎಸ್ಸಿ ಹುಡುಗ್ರಿಗೆ ಅಂತ ಬರೀತಿದೀನಿ, ಬ್ಯಾರೆದವ್ರು ಮೊದಲ್ನೇ ಹಂತ ಅಷ್ಟ ಮಾಡಿ ನೋಡ್ಬಹುದು, ಅದು ಅಡಿಗಿಮನ್ಯಾಗ ಆಗ್ತೈತಿ.

ಮೊದ್ಲು ವಿಷಯ ಏನಂತ ಸ್ವಲ್ಪ ತಿಳ್ಕೊಳ್ರಿ, ಇಲ್ಲಾಂದ್ರ ವೈವಾದಾಗ, ಅಂದ್ರ ಬಾಯಿಮಾತಿನ ಪರೀಕ್ಷ್ಯಾಗ, ಸಿಕ್ಕಿಬೀಳ್ತೀರಿ. 1977ರಾಗ ಆಲ್ವಿನ್ ಅನ್ನೋ ಸಬ್‌ಮರ್ಸಿಬಲ್ (ಆಳಕ್ಕ ಮುಳುಗೋ ಸಣ್ಣ ಹಡಗು) ಗಲಪಾಗೋಸ್ ದ್ವೀಪಗಳ ಹತ್ರ ಸುಮಾರು 2500 ಮೀಟರ್ ಆಳಕ್ಕ ಇಳಿದಾಗ ಸಮುದ್ರದ ತಳದ ಬಿಸಿ ಬುಗ್ಗಿ ಸುತ್ತ ಹುಳ, ಚಿಪ್ಪಿನ ಜೀವಿ ಗುಂಪುಗುಂಪಾಗಿ ಕಂಡ್ವು. ಕೆಲವು ಬುಗ್ಗಿ ನೀರು 350 ಡಿಗ್ರಿ ದಾಟಿರ್ತೈತಿ, ಮ್ಯಾಲ ಅಷ್ಟು ನೀರಿನ ಒತ್ತಡ ಇರೋದ್ರಿಂದ ಕುದಿಯೂದಿಲ್ಲ, ಒಂದಿಷ್ಟು ದೂರ ಹೋದ್ರ ನೀರು 2 ಡಿಗ್ರಿ. ಬಿಸಿ, ತಂಪು, ಉಪ್ಪು, ಸೀಸ, ಸತು, ತಾಮ್ರ ಎಲ್ಲಾ ಒಂದಾ ಕಡಿ. ಅಲ್ಲಿ ಬದುಕೋ ಬ್ಯಾಕ್ಟೀರಿಯಾಗಳೊಳಗ ಕೆಲವು ತಮ್ಮ ಮೈ ಸುತ್ತ ಸಕ್ಕರಿ ಸರಪಳಿಯ ಲೋಳಿ ಬಿಡ್ತಾವ. ಅದನ್ನ ಎಕ್ಸೋಪಾಲಿಸ್ಯಾಕರೈಡ್ ಅಂತಾರ, ಲ್ಯಾಬಿನ್ಯಾಗ ಎಲ್ಲಾರೂ ಇಪಿಎಸ್ ಅನ್ನೂದು. ಬೆಂಡಿಕಾಯಿ ಹೆಚ್ಚಿದಾಗ ಚಾಕುಗೆ ನೂಲು ಬರ್ತೈತಲ್ಲ, ಅದೂ ಇದರ ಸಂಬಂಧಿಕನ. ಬ್ಯಾಕ್ಟೀರಿಯಾಕ್ಕ ಅದು ಮನಿ, ಹೊದಿಕಿ, ಸೋಸಣಿಗಿ ಎಲ್ಲಾ. ಲೋಳ್ಯಾಗಿನ ಆಮ್ಲದ ಗುಂಪುಗಳಿಗೆ ಋಣ ಚಾರ್ಜು ಇರ್ತೈತಿ, ವಿಷದ ಲೋಹ ಅಲ್ಲೇ ಹಿಡ್ಕೊಂಡು ನಿಂದ್ರುಸ್ತೈತಿ, ಒಳಗ ಬಿಡೂದಿಲ್ಲ.

ಫ್ರಾನ್ಸಿನ ಇಫ್ರೆಮರ್ ಅನ್ನೋ ಸಮುದ್ರ ಸಂಶೋಧನಾ ಸಂಸ್ಥೆಯವ್ರು ಇದರಾಗ ಭಾಳ ಕೆಲಸ ಮಾಡ್ಯಾರ. ಪೊಂಪೈ ಹುಳ ಅನ್ನೋ ಬುಗ್ಗಿ ಹುಳದ ಮೈ ಮ್ಯಾಲಿಂದ ಸಿಕ್ಕ ವಿಬ್ರಿಯೊ ಡಯಾಬೊಲಿಕಸ್ ಬಿಡೋ ಲೋಳಿ ನಮ್ಮ ಕೀಲಿನ ಹಯಲುರಾನಿಕ್ ಆಮ್ಲದ ಥರ ಇರ್ತೈತಿ, ಇಲಿಯ ತಲಿಬುರುಡಿ ಎಲುಬು ಕೂಡಿಸೋಕೆ ಅದನ್ನ ಹಚ್ಚಿ ನೋಡ್ಯಾರ. ಗ್ವಾಯ್ಮಸ್ ಕಣಿವಿಯ ಅಲ್ಟೆರೊಮೊನಾಸ್ ಇನ್ಫರ್ನಸ್ ಲೋಳಿಯನ್ನ ಸಣ್ಣ ತುಂಡು ಮಾಡಿ ಸಲ್ಫೇಟ್ ಕೂಡಿಸಿದ್ರ ರಕ್ತ ಹೆಪ್ಪುಗಟ್ಟದಂಗ ತಡೀತೈತಿ, ಹೆಪಾರಿನ್ ಥರ. ಇದು ಯಾಕ ದೊಡ್ಡ ಮಾತಂದ್ರ ಹೆಪಾರಿನ್ ಈಗ್ಲೂ ಹಂದಿ ಕರುಳಿಂದ ಬರ್ತೈತಿ, ಹಯಲುರಾನಿಕ್ ಆಮ್ಲ ಮೊದ್ಲು ಹುಂಜದ ಜುಟ್ಟಿಂದ ತೆಗೀತಿದ್ರು, ಪ್ರಾಣಿಯಿಂದ ಬಂದದ್ದು ಅಂದ್ರ ರೋಗದ ಭಯ ಇದ್ದ ಇರ್ತೈತಿ. ಇನ್ನೊಂದು ಅಲ್ಟೆರೊಮೊನಾಸ್ ತಳಿ ಲೋಳಿ ಡೀಪ್‌ಸೇನ್ ಅನ್ನೋ ಹೆಸರಾಗ ಚರ್ಮದ ಕ್ರೀಮಿಗೆ ಹೋಗ್ತೈತಿ, ನಮ್ಮ ಹುಡುಗಿ ನೋಡಿದ ಡಬ್ಬಿ ಇಂಥಾದ್ದ ಇರಬೇಕು.

ಒಂದು ಮಾತು ಯಾರೂ ಬಿಡಿಸಿ ಹೇಳೂದಿಲ್ಲ, ನಾನೂ ಮೊದ್ಲು ತಪ್ಪು ತಿಳ್ಕೊಂಡಿದ್ದೆ. ಈ ಫ್ರೆಂಚ್ ತಳಿಗಳು ಬಿಸಿ ಬುಗ್ಗಿ ಹತ್ರ ಸಿಕ್ರೂ ಬಿಸಿ ಪ್ರೀತಿಸೋವು ಅಲ್ಲ, 30 ಡಿಗ್ರಿ ಆಸುಪಾಸು ಹಾಯಾಗಿ ಬೆಳೀತಾವ. ಖರೇನ ಬಿಸಿಯಾಗ ಬೆಳಿಯೋವು ಬೇಕಂದ್ರ ಇಟಲಿಯ ವಲ್ಕಾನೊ ದ್ವೀಪದ ದಂಡಿ ಕಡಿ ನೋಡಬೇಕು, ಅಲ್ಲಿ ಬಿಸಿ ಬುಗ್ಗಿ ತೀರಾ ಆಳ ಇಲ್ಲ, ಅಲ್ಲಿಂದ ಬಂದ ಬ್ಯಾಸಿಲಸ್ ಲೈಕೆನಿಫಾರ್ಮಿಸ್, ಬ್ಯಾಸಿಲಸ್ ಥರ್ಮೋಡಿನೈಟ್ರಿಫಿಕನ್ಸ್ ತಳಿಗಳ ಲೋಳಿ ಮ್ಯಾಲ ನೇಪಲ್ಸ್ ಕಡಿಯವ್ರು ಕೆಲಸ ಮಾಡ್ಯಾರ. ನಮ್ಮ ದೇಶದ್ದೂ ಐತಿ, 2024ರ ಡಿಸೆಂಬರಿನ್ಯಾಗ ಚೆನ್ನೈನ ಎನ್‌ಐಒಟಿ, ಗೋವಾದ ಎನ್‌ಸಿಪಿಒಆರ್ ಅನ್ನೋ ಸಮುದ್ರ ಸಂಶೋಧನಾ ಸಂಸ್ಥೆಗಳು ಕೂಡಿ ಹಿಂದೂ ಮಹಾಸಾಗರದಾಗ 4500 ಮೀಟರ್ ಆಳದ ಬುಗ್ಗಿ ಫೋಟೋ ತೆಗೆದ್ರು. ನಮಗ ಅದು ಸಿಗೂದಿಲ್ಲ ಬಿಡ್ರಿ. ಆದ್ರ ಬ್ಯಾಸಿಲಸ್ ಜಾತಿ ನಮ್ಮ ತಿಪ್ಪ್ಯಾಗೂ ಅದಾವ.

ಹಂತ 1: ಲೋಳಿ ಅಂದ್ರ ಏನಂತ ಕೈಗೆ ಗೊತ್ತಾಗ್ಲಿ

ಬೇಕರಿ ಸಾಮಾನಿನ ಅಂಗಡ್ಯಾಗ ಝ್ಯಾಂಥನ್ ಗಮ್ ಪುಡಿ ಸಿಗ್ತೈತಿ, ಸಾಸ್ ಬಾಟ್ಲಿ, ಐಸ್‌ಕ್ರೀಮ್ ಡಬ್ಬಿ ಮ್ಯಾಲ 415 ಅಂತ ನಂಬರ್ ಇದ್ರ ಅದ ಇದು. ಕೋಸಿನ ಎಲಿ ಕಪ್ಪಾಗೋ ರೋಗ ತರೋ ಝ್ಯಾಂಥೊಮೊನಾಸ್ ಬ್ಯಾಕ್ಟೀರಿಯಾದ ಲೋಳಿ, ಅಮೆರಿಕಾದಾಗ 1969ರಾಗ ತಿನ್ನೋ ಪದಾರ್ಥಕ್ಕ ಒಪ್ಪಿಗಿ ಸಿಕ್ತು. ಅರ್ಧ ಚಮಚ ಪುಡಿಗೆ ಒಂದು ಚಮಚ ಸಕ್ಕರಿ ಒಣದ ಕಲಸಿ ಒಂದು ಲೋಟ ನೀರಿಗೆ ಉದುರಿಸ್ತಾ ಕಲಕ್ರಿ. ಸಕ್ಕರಿ ಹಾಕ್ಲಿಲ್ಲಂದ್ರ ರವಾ ಉಪ್ಪಿಟ್ಟಿನಂಗ ಗಂಟು ಗಂಟು ಆಗ್ತೈತಿ, ಆ ಗಂಟು ಸಂಜಿ ತನಕ ಕರಗೂದಿಲ್ಲ. ಹತ್ತು ನಿಮಿಷ ಬಿಟ್ಟು ನೋಡ್ರಿ, ನಿಂತಾಗ ಗಟ್ಟಿ, ಜೋರಾಗಿ ಕಲಕಿದಾಗ ನೀರು, ಮತ್ತ ನಿಂತ್ರ ಗಟ್ಟಿ. ಆಮ್ಯಾಲ ಗ್ಯಾಸ್ ಒಲಿಯಿಂದ ದೂರ ಹೋಗಿ, ಎರಡು ಚಮಚ ಲೋಳಿಗೆ ಮೆಡಿಕಲ್ ಅಂಗಡಿ ಐಸೊಪ್ರೊಪೈಲ್ ಸ್ಪಿರಿಟ್ ಆರು ಚಮಚ ಹಾಕ್ರಿ. ಬಿಳಿ ಎಳಿ ಎಳಿಯಾಗಿ ಶಾವಿಗಿ ಥರ ಮ್ಯಾಲ ಬರ್ತೈತಿ, ಕಡ್ಡಿಗೆ ಸುತ್ಕೊಂಡ್ರ ಎದ್ದು ಬರ್ತೈತಿ. ನೀರಾಗ ಕರಗಿದ ಪಾಲಿಸ್ಯಾಕರೈಡ್ ಸ್ಪಿರಿಟಿನ್ಯಾಗ ಕರಗೂದಿಲ್ಲ, ಇಡೀ ಪ್ರಾಜೆಕ್ಟ್ ನಿಂತಿರೂದು ಇದೊಂದರ ಮ್ಯಾಲನ. ಸ್ಪಿರಿಟ್ ಹಾಕಿದ್ದು ಮಾತ್ರ ಯಾರೂ ಬಾಯಿಗೆ ಇಡಬ್ಯಾಡ್ರಿ, ಚೆಲ್ರಿ.

ಹಂತ 2: ಸ್ಯಾಂಪಲ್

ಮೂರು ಜಾಗ ಹೇಳ್ತೀನಿ. ಒಂದು, ಸವಳು ಭೂಮಿ. ತುಂಗಭದ್ರಾ ಎಡದಂಡಿ ಕಾಲುವಿ ನೀರು ಹರಿಸಿ ಹರಿಸಿ ಸಿಂಧನೂರು, ಗಂಗಾವತಿ ಕಡಿ ಎಷ್ಟೋ ಕರಿ ಹೊಲ ಸವಳಾಗಿ ಕುಂತಾವ, ಮೇ ತಿಂಗಳದಾಗ ಹೋದ್ರ ನೆಲದ ಮ್ಯಾಲ ಬಿಳಿ ಉಪ್ಪು ಸುಣ್ಣ ಬಳದಂಗ ಕಾಣ್ತೈತಿ. ಬಿಸಿಯೂ ಐತಿ ಉಪ್ಪೂ ಐತಿ, ಸಮುದ್ರದ ಬುಗ್ಗಿಗೆ ನಮ್ಮೂರಾಗ ಅಷ್ಟೋ ಇಷ್ಟೋ ಹತ್ರ ಬರೋ ಜಾಗ ಅಂದ್ರ ಇದ. ಮ್ಯಾಲಿನ ಎರಡು ಸೆಂಟಿಮೀಟರ್ ಮಣ್ಣು ಸುಟ್ಟು ತಣಿಸಿದ ಚಮಚದಾಗ ಕೆರ್ಕೊಂಡು ಸ್ಟೆರೈಲ್ ಡಬ್ಬಿಗೆ ಹಾಕ್ರಿ. ಎರಡು, ತಿಪ್ಪಿ. ಚೊಲೋ ಕೊಳೀತಿರೋ ತಿಪ್ಪಿ ಒಳಗ ಒಂದು ಮೊಳ ಕೈ ಹಾಕಿದ್ರ ಸುಡ್ತೈತಿ, 50-60 ಡಿಗ್ರಿ ಇರ್ತೈತಿ. ಮೂರು, ಭತ್ತ ಬೇಯಿಸೋ ಮಿಲ್ಲು. ಬಿಸಿನೀರಾಗ ಭತ್ತ ನೆನೆಸಿ ಆ ನೀರು ಹೊರಗ ಬಿಡೋ ಗಟಾರದ ಅಂಚಿಗೆ ಬೂದು ಬಣ್ಣದ ಜಾರೋ ಪದರ ಕುಂತಿರ್ತೈತಿ. ನಾನು ಬಾಟ್ಲಿ ಹಿಡ್ಕೊಂಡು ಹೋದಾಗ ಮಿಲ್ಲಿನ ಮಾಲಕ್ರು "ಏನಕ್ಕ, ಅಕ್ಕಿ ಬಿಟ್ಟು ಹೊಲಸು ನೀರು ಒಯ್ತೀರಲ್ಲ, ಪೊಲ್ಯೂಷನ್ ಬೋರ್ಡಿನೋರಾ?" ಅಂತ ಕೇಳಿದ್ರು. ಕಾಲೇಜಿನ ಪತ್ರ ಇಟ್ಕೊಂಡು ಹೋಗ್ರಿ ಅಂತ ಇದಕ್ಕ ಹೇಳೂದು, ಅವರಿಗೂ ಅನುಮಾನ ಇರೂದಿಲ್ಲ, ಚಹಾನೂ ಕುಡಿಸ್ತಾರ.

ಡಬ್ಬಿ ಮ್ಯಾಲ ಜಾಗ, ತಾರೀಖು, ಟೈಮು, ಅಲ್ಲಿನ ಟೆಂಪರೇಚರ್ ಬರೀರಿ. ಈಗ ಬ್ಯಾಡ ಅನಿಸ್ತೈತಿ, ಆಮ್ಯಾಲ ಅಳ್ತೀರಿ.

ಹಂತ 3: ಮೀಡಿಯಾ ಮತ್ತ ಪ್ಲೇಟು

ಮೀಡಿಯಾ ಅಂದ್ರ ಬ್ಯಾಕ್ಟೀರಿಯಾ ಬೆಳಿಯೋ ಊಟದ ನೀರು, ಅದಕ್ಕ ಅಗರ್ ಹಾಕಿ ಗಟ್ಟಿ ಮಾಡಿ ತಟ್ಟ್ಯಾಗ ಸುರಿದದ್ದು ಪ್ಲೇಟು. ಬ್ಯಾಕ್ಟೀರಿಯಾಕ್ಕ ಸಕ್ಕರಿ ಜಾಸ್ತಿ, ನೈಟ್ರೋಜನ್ ಕಮ್ಮಿ ಕೊಟ್ರ ಮೈ ಬೆಳೆಸೂದು ಬಿಟ್ಟು ಲೋಳಿ ಬಿಡಾಕ ಶುರು ಮಾಡ್ತೈತಿ. ಒಂದು ಲೀಟರಿಗೆ ಗ್ಲೂಕೋಸ್ 20 ಗ್ರಾಂ, ಯೀಸ್ಟ್ ಎಕ್ಸ್‌ಟ್ರ್ಯಾಕ್ಟ್ 2 ಗ್ರಾಂ, ಪೆಪ್ಟೋನ್ 1 ಗ್ರಾಂ, ಡೈಪೊಟ್ಯಾಸಿಯಂ ಫಾಸ್ಫೇಟ್ 1 ಗ್ರಾಂ, ಮೆಗ್ನೀಸಿಯಂ ಸಲ್ಫೇಟ್ 0.2 ಗ್ರಾಂ, ಸವಳು ಮಣ್ಣಿನದಾದ್ರ ಅಡಿಗಿ ಉಪ್ಪಲ್ಲ, ಲ್ಯಾಬಿನ ಉಪ್ಪು 30 ಗ್ರಾಂ (ಸಮುದ್ರದ ನೀರಾಗ 35ರ ಹತ್ರ ಇರ್ತೈತಿ), ಪಿಎಚ್ 7.2, ಪ್ಲೇಟಿಗಾದ್ರ ಅಗರ್ 20 ಗ್ರಾಂ. ಗ್ಲೂಕೋಸ್ ಬ್ಯಾರೆ ಬಾಟ್ಲ್ಯಾಗ ಆಟೋಕ್ಲೇವ್ ಮಾಡಿ (ಒತ್ತಡದ ಹಬ್ಯಾಗ ಕ್ರಿಮಿ ಕೊಂದು) ಆಮ್ಯಾಲ ಕೂಡಿಸ್ರಿ, ಒಟ್ಟಿಗೆ ಇಟ್ರ ಮೀಡಿಯಾ ಬೆಲ್ಲದ ಪಾಕದಂಗ ಕೆಂಪಾಗ್ತೈತಿ. ಸುಕ್ರೋಸ್, ಅಂದ್ರ ಮನಿ ಸಕ್ಕರಿ, ಹಾಕಬಹುದು, ಲೋಳಿ ಜಾಸ್ತಿನೂ ಬರಬಹುದು, ಆದ್ರ ಬಹಳಷ್ಟು ಬ್ಯಾಸಿಲಸ್‌ಗಳು ಸುಕ್ರೋಸ್ ಸಿಕ್ರ ಲೆವಾನ್ ಅನ್ನೋ ಒಂದಾ ಥರದ್ದು ಮಾಡಿ ಸುಮ್ನಾಗ್ತಾವ, ಅದು ಹಳೇ ಕಥಿ. ಇಡ್ಲಿ ಹಿಟ್ಟು ಉಬ್ಬಿಸೋ ಲ್ಯೂಕೊನೊಸ್ಟಾಕ್ ಸುಕ್ರೋಸಿನಿಂದ ಡೆಕ್ಸ್‌ಟ್ರಾನ್ ಮಾಡೂದೂ ಹಿಂಗ, ಸಕ್ಕರಿ ಫ್ಯಾಕ್ಟರ್ಯಾಗ ಕಬ್ಬಿನ ಹಾಲು ಲೋಳಿ ಬಂದು ಪೈಪು ಕಟ್ಕೊಳ್ಳೂದು ಅದರಿಂದನ, ಅದನ್ನ ಶುದ್ಧ ಮಾಡಿ ದವಾಖಾನ್ಯಾಗ ಡ್ರಿಪ್ಪಿಗೂ ಹಾಕ್ತಾರ.

ಮಣ್ಣು 1 ಗ್ರಾಂ, 9 ಮಿಲಿ ಉಪ್ಪು ನೀರಾಗ ಕಲಸಿ 80 ಡಿಗ್ರಿ ನೀರಾಗ 10 ನಿಮಿಷ ಇಡ್ರಿ. ಬೀಜಕ, ಅಂದ್ರ ಬಿಸಿ ತಡಿಯೋ ಗಟ್ಟಿ ಕವಚದ ರೂಪ, ಇರೋ ಬ್ಯಾಸಿಲಸ್ ಉಳೀತಾವ, ಉಳಿದವು ಹೆಚ್ಚಿಗಿ ಸಾಯ್ತಾವ. ಮಿಲ್ಲಿನ ಪದರಕ್ಕ ಈ ಬಿಸಿ ಕೊಡಬ್ಯಾಡ್ರಿ, ಬೀಜಕ ಇಲ್ಲದವೂ ಅದರಾಗ ಚೊಲೋ ಲೋಳಿ ಬಿಡೋವು ಇರ್ತಾವ. ಹತ್ತು ಪಟ್ಟು, ನೂರು ಪಟ್ಟು, ಸಾವಿರ ಪಟ್ಟು ತೆಳು ಮಾಡಿ ಪ್ಲೇಟಿಗೆ ಹಚ್ಚಿ 45-50 ಡಿಗ್ರ್ಯಾಗ ಎರಡು ದಿನ. ಇಲ್ಲೊಂದು ಪೇಚಾಟ ಐತಿ, 50 ಡಿಗ್ರ್ಯಾಗ ಅಗರ್ ಕರಗೂದಿಲ್ಲ ಆದ್ರ ಒಣಗಿ ಹಪ್ಪಳ ಆಗ್ತೈತಿ. ಊಟದ ಸ್ಟೀಲ್ ಡಬ್ಬ್ಯಾಗ ಒದ್ದಿ ಹತ್ತಿ ಇಟ್ಟು, ಪ್ಲೇಟು ತಲಿಕೆಳಗ ಜೋಡಿಸಿ ಮುಚ್ಚಳ ಹಾಕಿ ಇನ್‌ಕ್ಯುಬೇಟರಿಗೆ ಇಡ್ರಿ. ನನ್ನ ಟಿಫಿನ್ ಡಬ್ಬಿ ಇದಕ್ಕ ಹೋಗಿ ಮೂರು ವರ್ಷ ಆತು.

ಹಂತ 4: ಯಾವ ಕಾಲನಿ ಆರಿಸ್ಕೊಳ್ಳೂದು

ಪ್ಲೇಟಿನ ಮ್ಯಾಲ ಒಂದೊಂದು ಚುಕ್ಕಿಯಾಗಿ ಬೆಳೆದ ಬ್ಯಾಕ್ಟೀರಿಯಾ ಗುಂಪಿಗೆ ಕಾಲನಿ ಅಂತಾರ. ಪ್ಲೇಟು ಬೆಳಕಿಗೆ ಓರಿ ಹಿಡೀರಿ. ಒಣ ಒಣ, ಮಡಚಿದ ಕಾಲನಿ ಬಿಡ್ರಿ. ಮಳಿ ಹನಿ ಥರ ಉಬ್ಬಿ ಹೊಳಿಯೂದು, ಪ್ಲೇಟು ಓರಿ ಮಾಡಿದ್ರ ನಿಧಾನ ಜರಿಯೂದು, ಅದು ಬೇಕು. ಲೂಪಿನಿಂದ (ತುದಿಗೆ ಉಂಗುರ ಇರೋ ತಂತಿ) ಮುಟ್ಟಿ ಮ್ಯಾಲ ಎತ್ರಿ, ನೂಲು 5 ಮಿಲಿಮೀಟರಿಗಿಂತ ಉದ್ದ ಬಂದ್ರ ಗುರುತು ಹಾಕ್ರಿ. ಸವಳು ಮಣ್ಣಿನ ಒಂದು ಪ್ಲೇಟಿನ್ಯಾಗ ನಮ್ಮ ಹುಡುಗಿ ಎತ್ತಿದ ನೂಲು ಲೂಪ್ ಎದಿ ಮಟ್ಟ ಬಂದ್ರೂ ಕಡೀಲಿಲ್ಲ, ಟ್ಯೂಬ್‌ಲೈಟಿನ ಬೆಳಕಿಗೆ ಜೇಡದ ಎಳಿಯಂಗ ಹೊಳೀತಿತ್ತು, ಅಟೆಂಡರ್ ಅಣ್ಣಾರು ಸೈತ ಕೆಲಸ ಬಿಟ್ಟು ಬಂದು ನೋಡಿದ್ರು. ಮೂರು ಸಲ ಸ್ಟ್ರೀಕ್ ಮಾಡಿ (ಹೊಸ ಪ್ಲೇಟಿಗೆ ಗೆರಿ ಎಳದು ಹಚ್ಚಿ) ಶುದ್ಧ ಮಾಡ್ಕೊಳ್ರಿ, ಗ್ರಾಂ ಸ್ಟೇನ್, ಇಂಡಿಯನ್ ಇಂಕ್ ಸ್ಟೇನ್ ಮಾಡ್ರಿ, ಕರಿ ಹಿನ್ನೆಲಿಯಾಗ ಜೀವಕೋಶದ ಸುತ್ತ ಬಿಳಿ ಬಳಿ ಕಂಡ್ರ ಕ್ಯಾಪ್ಸೂಲ್, ಅಂದ್ರ ಲೋಳಿ ಹೊದಿಕಿ, ಐತಿ. ಕೈಗವಸು ಬಿಡಬ್ಯಾಡ್ರಿ, ಊರಿನ ಮಣ್ಣಾಗ ಬ್ಯಾಸಿಲಸ್ ಸೀರಿಯಸ್ ಥರ ಹೊಟ್ಟಿ ಕೆಡಿಸೋವೂ ಇರ್ತಾವ. ಬಂದ ಲೋಳಿ ಮುಖಕ್ಕ ಹಚ್ಚಿ ನೋಡೋ ಶಾಣ್ಯಾತನ ಅಂತೂ ಬ್ಯಾಡ.

ಹಂತ 5: ಫ್ಲಾಸ್ಕು, ಮತ್ತ ಆ ಒಂದು ಖಾಲಿ ಫ್ಲಾಸ್ಕು

250 ಮಿಲಿ ಫ್ಲಾಸ್ಕಿಗೆ 100 ಮಿಲಿ ಮೀಡಿಯಾ, ಹಂಗ ಮೂರು ಫ್ಲಾಸ್ಕು, ಮೂರಕ್ಕೂ ಆರಿಸಿದ ಬ್ಯಾಕ್ಟೀರಿಯಾ ಹಾಕ್ರಿ, 45 ಡಿಗ್ರಿ, ಶೇಕರ್ 120-150 ಆರ್‌ಪಿಎಂ, ಎರಡ್ರಿಂದ ಮೂರು ದಿನ. ನಾಲ್ಕನೇ ಫ್ಲಾಸ್ಕಿಗೂ ಅದ ಮೀಡಿಯಾ ಹಾಕ್ರಿ, ಬ್ಯಾಕ್ಟೀರಿಯಾ ಮಾತ್ರ ಹಾಕಬ್ಯಾಡ್ರಿ. ಈ ನಾಲ್ಕನೇದು ಬಿಟ್ಟು ಪ್ರಾಜೆಕ್ಟ್ ಮಾಡಿದ್ರ ನಿಮ್ಮ ಪೂರಾ ರಿಸಲ್ಟ್ ಗಾಳ್ಯಾಗ ಹೋಗ್ತೈತಿ, ಹೆಂಗಂತ ಹೇಳ್ತೀನಿ.

ನಾನು ಎಂಎಸ್ಸಿ ಮಾಡುವಾಗ ಲೀಟರಿಗೆ ಎರಡು ಗ್ರಾಂ ಹತ್ರ ಬಿಳಿ ಪುಡಿ ತೆಗೆದೆ, ಕುಣಿದಾಡಿದೆ, ಮನಿಗೆ ಫೋನ್ ಮಾಡಿ ಅವ್ವಗೂ ಹೇಳಿದೆ. ವೈವಾಕ್ಕ ಬಂದ ಸರ್ ಒಂದಾ ಮಾತು ಕೇಳಿದ್ರು, "ಖಾಲಿ ಮೀಡಿಯಾಕ್ಕ ಸ್ಪಿರಿಟ್ ಹಾಕಿ ನೋಡೀಯೇನವ್ವ?" ಇಲ್ರಿ ಅಂದೆ. ಅವತ್ತ ಮಧ್ಯಾಹ್ನ ಹಾಕಿ ನೋಡಿದೆ, ಅದರಾಗೂ ಬಿಳಿ ಪುಡಿ ಬಂತು, ನಂದರಾಗ ಅರ್ಧಕ್ಕಿಂತ ಜಾಸ್ತಿ. ಯೀಸ್ಟ್ ಎಕ್ಸ್‌ಟ್ರ್ಯಾಕ್ಟಿನ್ಯಾಗ ಯೀಸ್ಟಿನದ ಮ್ಯಾನಾನ್ ಅನ್ನೋ ಪಾಲಿಸ್ಯಾಕರೈಡ್ ಇರ್ತೈತಿ, ಫಾಸ್ಫೇಟ್ ಉಪ್ಪು ಸ್ಪಿರಿಟಿನ್ಯಾಗ ಕೆಳಗ ಕೂರ್ತೈತಿ, ಪೆಪ್ಟೋನಿನ ಪ್ರೋಟೀನ್ ಚೂರೂ ಬರ್ತಾವ, ಇವೆಲ್ಲಾ ಕೂಡಿ ನನ್ನ "ಇಪಿಎಸ್" ಆಗಿತ್ತು. ನಾಲ್ಕನೇ ಫ್ಲಾಸ್ಕಿನ ತೂಕ ಕಳದ ಮ್ಯಾಲ ಉಳಿಯೂದ ನಿಮ್ಮದು. ಉಳಿದದ್ದು ಲೀಟರಿಗೆ ನೂರಿನ್ನೂರು ಮಿಲಿಗ್ರಾಂ ಇದ್ರೂ ನಾಚ್ಕೊಬ್ಯಾಡ್ರಿ, ಬಿಸಿಯಾಗ ಬೆಳಿಯೋವು ಅಷ್ಟ ಕೊಡೂದು, ಝ್ಯಾಂಥನ್ ಫ್ಯಾಕ್ಟರ್ಯಾಗ ಲೀಟರಿಗೆ 20 ಗ್ರಾಂ ಮ್ಯಾಲ ತೆಗಿತಾರ ಅಂತ ಹೋಲಿಸ್ಕೊಂಡು ಕುಂದ್ರಬ್ಯಾಡ್ರಿ.

ಇನ್ನೊಂದು, 45 ಡಿಗ್ರ್ಯಾಗ ಮೂರು ದಿನಕ್ಕ ನೀರು ಆವಿಯಾಗಿ ಫ್ಲಾಸ್ಕು ತಾನ ಗಟ್ಟಿ ಆಗ್ತೈತಿ, ನೀವು ಲೋಳಿ ಅಂದ್ಕೊಳ್ತೀರಿ. ಮೊದಲ್ನೇ ದಿನ ಫ್ಲಾಸ್ಕು ತೂಗಿ ಬರ್ಕೊಂಡು, ಕಡೀಕ್ಕ ಅಷ್ಟ ತೂಕ ಬರೂ ತನಕ ಸ್ಟೆರೈಲ್ ನೀರು ಹಾಕ್ರಿ. ದಿನಾ ಒಂದು ಸಲ ನೋಡ್ರಿ, ಕೆಲವು ಬ್ಯಾಕ್ಟೀರಿಯಾ ಸಕ್ಕರಿ ಮುಗದ್ರ ತಾವು ಕಟ್ಟಿದ ಮನಿ ತಾವ ತಿಂತಾವ, ಮೂರನೇ ದಿನ ಇದ್ದ ಲೋಳಿ ಐದನೇ ದಿನ ನೀರಾಗಿರ್ತೈತಿ.

ಹಂತ 6: ತೆಗಿಯೂದು

10,000 ಆರ್‌ಪಿಎಂ, 4 ಡಿಗ್ರಿ, 20 ನಿಮಿಷ ಸೆಂಟ್ರಿಫ್ಯೂಜ್ ಮಾಡಿ ಮ್ಯಾಲಿನ ತಿಳಿ ತಗೊಳ್ರಿ. ಕಾಲೇಜಿನ ಮಷಿನ್ 4,000ಕ್ಕ ನಿಂತ್ರ, ಸಾಮಾನ್ಯವಾಗಿ ನಿಲ್ತೈತಿ, ಬ್ರಾತಿಗೆ (ಬ್ಯಾಕ್ಟೀರಿಯಾ ಬೆಳೆದ ಮೀಡಿಯಾಕ್ಕ) ಅಷ್ಟ ನೀರು ಬೆರೆಸಿ ತೆಳು ಮಾಡಿ 40 ನಿಮಿಷ ತಿರುಗಿಸ್ರಿ, ಲೋಳಿ ಗಟ್ಟಿ ಇದ್ರ ಜೀವಕೋಶ ಕೆಳಗ ಇಳಿಯೂದ ಇಲ್ಲ. ಪ್ರೋಟೀನ್ ತೆಗಿಯೋಕೆ ಟ್ರೈಕ್ಲೋರೊ ಅಸಿಟಿಕ್ ಆಮ್ಲ ಶೇ 4ರಷ್ಟು ಹಾಕಿ ತಣ್ಣಗ ಅರ್ಧ ತಾಸು ಇಟ್ಟು ಮತ್ತ ತಿರುಗಿಸ್ರಿ. ತಿಳಿಗೆ ಮೂರು ಪಟ್ಟು ತಣ್ಣನೆ ಎಥನಾಲ್ ನಿಧಾನ, ಕಲಕ್ತಾ ಕಲಕ್ತಾ. ಎಥನಾಲ್‌ಗೆ ಎಕ್ಸೈಸ್ ಪರ್ಮಿಷನ್ ತಾಪತ್ರಯ ಇದ್ರ ಐಸೊಪ್ರೊಪನಾಲ್ ಸಾಕು, ಝ್ಯಾಂಥನ್ ಫ್ಯಾಕ್ಟರ್ಯಾಗೂ ಅದನ್ನ ಬಳಸ್ತಾರ. ರಾತ್ರಿ ಪೂರ್ತಿ ಫ್ರಿಜ್ಜಿನ್ಯಾಗ. ಬೆಳಿಗ್ಗಿ ಬಿಳಿ ಹತ್ತಿಯಂಥಾದ್ದು ಕೆಳಗ ಕುಂತಿರ್ತೈತಿ, ಸೆಂಟ್ರಿಫ್ಯೂಜ್ ಮಾಡಿ ತೆಗೆದು ಬಿಸಿ ಡಿಸ್ಟಿಲ್ಡ್ ನೀರಾಗ ಕರಗಿಸಿ, ಡಯಾಲಿಸಿಸ್ ಚೀಲದಾಗ ಹಾಕಿ ಎರಡು ದಿನ, ದಿನಕ್ಕ ಎರಡು ಮೂರು ಸಲ ನೀರು ಬದಲಿ ಮಾಡ್ರಿ, ಉಪ್ಪು, ಉಳಿದ ಗ್ಲೂಕೋಸ್, ಆಮ್ಲ ಎಲ್ಲಾ ಹೊರಗ ಹೋಗ್ತೈತಿ. ಲಯೊಫಿಲೈಸರ್ (ಹೆಪ್ಪುಗಟ್ಟಿಸಿ ಒಣಗಿಸೋ ಮಷಿನ್) ಇಲ್ಲಾಂದ್ರ ಮೊದ್ಲ ತೂಗಿಟ್ಟ ಗಾಜಿನ ಪ್ಲೇಟಿನ್ಯಾಗ 45 ಡಿಗ್ರ್ಯಾಗ ಒಣಗಿಸ್ರಿ. ಖಾಲಿ ಫ್ಲಾಸ್ಕಿಗೂ ಇದ ಪೂಜಿ, ಒಂದು ಹೆಜ್ಜಿನೂ ತಪ್ಪಿಸಬ್ಯಾಡ್ರಿ.

ಹಂತ 7: ಬಂದದ್ದು ಸಕ್ಕರಿನಾ?

ಫಿನಾಲ್ ಸಲ್ಫ್ಯೂರಿಕ್ ಆಮ್ಲ ಟೆಸ್ಟು, 1956ರಾಗ ಡುಬ್ವಾ ಮತ್ತ ಜೊತಿಗಾರರು ಬರೆದದ್ದು. ಸ್ಯಾಂಪಲ್ 1 ಮಿಲಿ, ಶೇ 5ರ ಫಿನಾಲ್ 1 ಮಿಲಿ, ಗಟ್ಟಿ ಸಲ್ಫ್ಯೂರಿಕ್ ಆಮ್ಲ 5 ಮಿಲಿ, ಕೇಸರಿ ಬಣ್ಣ ಬರ್ತೈತಿ, 490 ನ್ಯಾನೋಮೀಟರಿಗೆ ಓದ್ರಿ. ಟ್ಯೂಬು ಕೈ ಸುಡೋಷ್ಟು ಬಿಸಿ ಆಗ್ತೈತಿ, ಕನ್ನಡಕ, ಕೈಗವಸು, ಫ್ಯೂಮ್ ಹುಡ್ ಇಲ್ಲದ ಮಾಡಬ್ಯಾಡ್ರಿ, ಟೀಚರ್ ಪಕ್ಕಕ್ಕಿರ್ಲಿ. ಟ್ಯೂಬ್ ಒಳಗ ಹತ್ತಿ ಅಥವಾ ಟಿಶ್ಯೂದಿಂದ ಒರಸಬ್ಯಾಡ್ರಿ. ಹತ್ತಿ ಅಂದ್ರ ಸೆಲ್ಯುಲೋಸ್, ಅದೂ ಪಾಲಿಸ್ಯಾಕರೈಡ್, ಒಂದು ಎಳಿ ಉಳಿದ್ರ ಅದಕ್ಕೂ ಬಣ್ಣ ಬರ್ತೈತಿ, ಮೂರು ಟ್ಯೂಬು ಮೂರು ಥರ ರೀಡಿಂಗ್ ಕೊಟ್ಟು ತಲಿ ಕೆಡಿಸ್ತಾವ. ಪ್ರೋಟೀನಿಗೆ ಲೌರಿ ಟೆಸ್ಟ್ ಮಾಡ್ರಿ, ಸಕ್ಕರಿಗಿಂತ ಪ್ರೋಟೀನ್ ಜಾಸ್ತಿ ಬಂದ್ರ ನೀವು ಲೋಳಿ ಅಲ್ಲ, ಒಡೆದ ಜೀವಕೋಶ ತೂಗೀರಿ ಅಂತ ಅರ್ಥ.

ಉಪಯೋಗ ತೋರಿಸ್ರಿ ಅಂತ ವೈವಾದಾಗ ಕೇಳೇ ಕೇಳ್ತಾರ. ಸುಲಭದ್ದು, ಎಣ್ಣಿ ನೀರು ಕೂಡಿಸಿ ಹಿಡಿಯೋ ಶಕ್ತಿ ನೋಡೂದು: ನಿಮ್ಮ ಪುಡಿಯ ಶೇ 0.5ರ ದ್ರಾವಣ 2 ಮಿಲಿ, ಶೇಂಗಾ ಎಣ್ಣಿ 3 ಮಿಲಿ, ಎರಡು ನಿಮಿಷ ವೋರ್ಟೆಕ್ಸ್ ಮಾಡಿ (ಮಷಿನ್ಯಾಗ ಜೋರಾಗಿ ಅಲುಗಾಡಿಸಿ) 24 ತಾಸು ನಿಂದರ್ಸ್ರಿ, ಬಿಳಿ ನೊರಿಯಂಥ ಪದರದ ಎತ್ತರವನ್ನ ಒಟ್ಟು ಎತ್ತರದಿಂದ ಭಾಗಿಸಿ ನೂರರಿಂದ ಗುಣಿಸ್ರಿ. ಪಕ್ಕಕ್ಕ ಹಂತ 1ರ ಝ್ಯಾಂಥನ್ ಇಡ್ರಿ, ಹೋಲಿಕಿ ಇಲ್ಲದ ನಂಬರಿಗೆ ಬೆಲಿ ಇಲ್ಲ. ಆಮ್ಯಾಲ ಓಸ್ಟ್ವಾಲ್ಡ್ ವಿಸ್ಕೋಮೀಟರಿನ್ಯಾಗ (ದ್ರಾವಣದ ಗಟ್ಟಿತನ ಅಳಿಯೋ ಗಾಜಿನ ನಳಿಗಿ) ದ್ರಾವಣ ಇಳಿಯೋ ಸೆಕೆಂಡ್ ಎಣಿಸಿ, ಅದ ದ್ರಾವಣ 80 ಡಿಗ್ರ್ಯಾಗ ಒಂದು ತಾಸು ಇಟ್ಟು ತಣಿಸಿ ಮತ್ತ ಎಣಿಸ್ರಿ. ಸೆಕೆಂಡ್ ಹಂಗ ಉಳಿದ್ರ ಬಿಸಿಗೆ ತಡೀತೈತಿ ಅಂತ ಧೈರ್ಯವಾಗಿ ಹೇಳಬಹುದು. ಔಷಧಿ, ಕ್ರೀಮು, ಕ್ಯಾನ್ಸರ್ ಅಂತ ಥೀಸಿಸ್ಸಿನ್ಯಾಗ ಬರೀಬ್ಯಾಡ್ರಿ, ಆ ಮಾತು ಹೇಳೋಕೆ ಬ್ಯಾರೆ ಥರದ ಟೆಸ್ಟು, ಬ್ಯಾರೆ ಲ್ಯಾಬು ಬೇಕು. ನಮ್ಮ ಕಡಿಗೆ ಹತ್ರದ್ದು ಮಣ್ಣಿನ ಕೆಲಸ, ಲೋಳಿ ಬಿಡೋ ಬ್ಯಾಕ್ಟೀರಿಯಾ ಮಣ್ಣಿನ ಕಣ ಕೂಡಿಸಿ ಹಿಡೀತಾವ, ಸೋಡಿಯಂ ಒಂದಿಷ್ಟು ಕಟ್ಟಿ ಹಾಕ್ತಾವ, ಸವಳು ಹೊಲದವ್ರಿಗೆ ಅದು ತಿಳಿಯೋ ಮಾತು. ಆ ದಾರ್ಯಾಗ ಹೋಗೋದಾದ್ರ ಗಂಗಾವತಿ ಕೃಷಿ ಸಂಶೋಧನಾ ಕೇಂದ್ರದಾಗ ಸವಳು ಮಣ್ಣಿನ ಮ್ಯಾಲನ ಕೆಲಸ ನಡೀತೈತಿ, ಹೋಗಿ ಮಾತಾಡ್ರಿ.

ಇದನ್ನ ಕೊನಿಗೆ ಬರೆದೀನಿ, ಆದ್ರ ಹಂತ 4ರ ದಿನಾನ ಮಾಡ್ರಿ

ಶುದ್ಧ ಕಾಲನಿ ಸಿಕ್ಕ ದಿನಾನ ಶೇ 20 ಗ್ಲಿಸರಾಲಿನ್ಯಾಗ ಹತ್ತು ಸಣ್ಣ ಟ್ಯೂಬು ಮಾಡಿ ಫ್ರೀಜರಿಗೆ ಹಾಕ್ರಿ. ಲೋಳಿ ಬಿಡೂದು ಬ್ಯಾಕ್ಟೀರಿಯಾಕ್ಕ ಖರ್ಚಿನ ಬಾಬ್ತು, ಲ್ಯಾಬಿನ ಸುಖದಾಗ ಪ್ಲೇಟಿಂದ ಪ್ಲೇಟಿಗೆ ಹಚ್ಚತಾ ಹೋದ್ರ ಎಷ್ಟೋ ತಳಿ ಬಿಡೂದ ನಿಲ್ಲಿಸ್ತಾವ. ಎದಿ ಮಟ್ಟ ನೂಲು ಬಂದಿದ್ದ ಆ ತಳಿ ಐತಲ್ಲ, ಏಳನೇ ಪ್ಲೇಟಿಗೆ ಒಣಗಿದ ರೊಟ್ಟಿ ಥರ ಆತು, ನಮ್ಮ ಹತ್ರ ಇದ್ದದ್ದು ಒಂದಾ ಗ್ಲಿಸರಾಲ್ ಟ್ಯೂಬು, ಅದೂ ಮೇ ತಿಂಗಳ ಪವರ್ ಕಟ್ಟಿನ್ಯಾಗ ಎರಡು ಸಲ ಕರಗಿ ಗಟ್ಟಿಯಾಗಿತ್ತು. ಹುಡುಗಿ ಡಬ್ಬಿ ಮ್ಯಾಲ ಹೊಲದ ಜಾಗ, ತಾರೀಖು ಬರ್ದಿದ್ಲು ಅಂತ ಮುಂದಿನ ವಾರ ಬಸ್ ಹತ್ತಿ ಹೋಗಿ ಅದ ಮೂಲ್ಯಾಗ ಮತ್ತ ಮಣ್ಣು ಕೆರದು ತಂದ್ಲು.